ಕೆಂಪು ಹುಳದ ಗೌಡರು

ಗೌಡರು ತೀರಿಕೊಂಡರು ಎಂದು ಹೇಳಲು ಬಂದವನನ್ನು ನಾನು ಮೊದಲು ಕೇಳಿದ ಮಾತು, "ಸರಿಯಾಗಿ ನೋಡಿದ್ರಾ?" ಎಂದು. ಕೇಳಿದ ಮೇಲೆ ನಾಚಿಕೆಯಾಯಿತು. ಆದರೆ ಅವರ ಜೊತೆ ಅಷ್ಟು ವರ್ಷ ಏಗಿದವನ ಬಾಯಲ್ಲಿ ಬೇರೆ ಏನು ಬಂದೀತು? ಯಾರದೇ ಸಾವಿನ ಸುದ್ದಿ ಬಂದರೂ ಅವರು ಕೇಳುತ್ತಿದ್ದದ್ದು ಅದನ್ನೇ. ಒಮ್ಮೆ ದೊಡ್ಡಆಲಹಳ್ಳಿಯ ಅವರ ನೆಂಟರೊಬ್ಬರು ಹೋದರೆಂದು ಫೋನು ಬಂತು. "ಫೋನ್ ಮಾಡ್ದೋನ ದನಿ ನಂಗೆ ಗುರ್ತಿಲ್ಲ" ಎಂದು ಬಸ್ಸು ಹತ್ತದೆ ಜಗಲಿಯ ಮೇಲೆ ಕೂತವರು, ಇನ್ನೊಬ್ಬರ ಫೋನು ಬಂದ ಮೇಲೆಯೇ ಪಂಚೆ ಬದಲಾಯಿಸಿದ್ದು.

ಹೆಸರು ಬರೆಯುವುದಿಲ್ಲ. ಬರೆದರೆ, "ಯಾಕ್ ಬರ್ದೆ? ಯಾರ್ ಬರೀ ಅಂದ್ರು? ಬರ್ದು ನಿಂಗೇನ್ ಆಗ್ಬೇಕು?" ಎಂದು ಮೇಲಿಂದಲೇ ವಿಚಾರಣೆ ಶುರು ಮಾಡುವ ಮನುಷ್ಯ. ಊರಿಗೆಲ್ಲ ಗೌಡರು, ನನಗೂ ಗೌಡರು. ಅಷ್ಟು ಸಾಕು.

ನಾನು ರಾಮನಗರದ ರೀಲರುಗಳ ಮನೆಯವನು. ರೇಷ್ಮೆಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ತೆಗೆಯುವುದು ನಮ್ಮ ಕಸುಬು. ನಮ್ಮ ಅಬ್ಬಾ ಇರುವತನಕ ಟೌನಿನ ಓಣಿಯಲ್ಲೇ ನಡೆಯಿತು. ಆಮೇಲೆ ಓಣಿಗೆ ಹೊಸ ಹೊಸ ಮನೆಗಳು ಬಂದವು, ಮನೆಗಳ ಹಿಂದೆ ಮೂಗುಗಳೂ ಬಂದವು. ಹೊಗೆ, ವಾಸನೆ ಎಂದು ದಿನಾ ತಕರಾರು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಗಂಟುಮೂಟೆ ಕಟ್ಟಿ, ಕನಕಪುರದ ಕಡೆಗಿನ ಒಂದು ಹಳ್ಳಿಯ ಕೆರೆ ಪಕ್ಕ ಶೆಡ್ಡು ಹಾಕಿದೆ. ಅದೇ ಕಾಲಕ್ಕೆ ಬಿಡದಿ ಕಡೆ ದೊಡ್ಡ ದೊಡ್ಡ ಕಾರ್ಖಾನೆಗಳು, ಹಾರೋಹಳ್ಳಿ ಕಡೆ ಇನ್ನಷ್ಟು, ನಮ್ಮ ಕೆರೆಯ ಮೇಲುಗಡೆಯ ಹೊಲಗಳಲ್ಲೂ ಬೋರ್ಡಿಲ್ಲದ ತಗಡಿನ ಶೆಡ್ಡುಗಳು ಎದ್ದವು. ಒಳಗೆ ಏನು ಮಾಡುತ್ತಾರೆಂದು ಯಾರಿಗೂ ಗೊತ್ತಿಲ್ಲ. ನಿನ್ನೆ ರಾಗಿ ಇದ್ದ ಕಡೆ ಇವತ್ತು ಕಾಂಪೌಂಡು, ಕಾಂಪೌಂಡಿಗೊಬ್ಬ ಸೆಕ್ಯೂರಿಟಿ. ಎಲ್ಲರೂ ಎಲ್ಲರನ್ನೂ ಅನುಮಾನದಿಂದ ನೋಡುವ ಕಾಲ ಅದು. ಅಂಥ ಕಾಲಕ್ಕೆ ಗೌಡರು ಹೇಳಿ ಮಾಡಿಸಿದಂತಿದ್ದರು.

ಶೆಡ್ಡು ಶುರುವಾದ ವಾರದಲ್ಲೇ ಬಂದರು. ಎತ್ತರದ ಆಳು, ಹೆಗಲ ಮೇಲೆ ಹಸಿರು ಟವೆಲ್ಲು. ನಾನು ಸಲಾಮು ಮಾಡಲು ಎತ್ತಿದ ಕೈಯನ್ನು ಹಿಡಿದು, ಅಂಗೈ ತಿರುಗಿಸಿ, ಮೂಗಿನ ಹತ್ತಿರ ತಂದು ಮೂಸಿದರು. ನನ್ನ ಜನ್ಮದಲ್ಲಿ ಯಾರೂ ನನಗೆ ಹಾಗೆ ಮಾಡಿರಲಿಲ್ಲ.

"ಗೂಡು ಬೇಯ್ಸಿದ ನೀರ್ ಎಲ್ಲಿಗ್ ಬುಡ್ತೀರಾ, ಸಾಬ್ರೇ?"

"ಹಿಂದೆ ಗುಂಡಿ ತೆಗೆಸಿದ್ದೀನಿ, ಗೌಡ್ರೇ. ಅಲ್ಲಿಗೇ."

"ಕೆರೆಗಿಲ್ವಾ?"

"ಇಲ್ಲ."

"ಎಲ್ರೂ ಹಂಗೇ ಅನ್ನಾದು. ತೋರ್ಸಿ."

ತೋರಿಸಿದೆ. ಕಲ್ಲಿನ ಮುಚ್ಚಳ ಎತ್ತಿಸಿ, ಬಗ್ಗಿ ಮೂಸಿ, ಒಂದು ಕೋಲು ಇಳಿಬಿಟ್ಟು ನೋಡಿದರು. ಆಮೇಲೆ ಶೆಡ್ಡಿನ ಮೂಲೆಯಲ್ಲಿ ರಾಶಿ ಬಿದ್ದಿದ್ದ ಹುಳದ ಕಡೆ ಕಣ್ಣು ಹೋಯಿತು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಬೆಂದ ಹುಳ ಅದು. ಕಂದು ಬಣ್ಣ, ಹುಣಸೆಬೀಜಕ್ಕಿಂತ ಒಂದಿಷ್ಟು ದಪ್ಪ, ವಾಸನೆ ಮಾತ್ರ ಊರಿಗೆಲ್ಲ ಸಾಕು. "ಇದ್ನ ಏನ್ ಮಾಡ್ತೀರಾ?" ಎಂದರು. ಕೋಳಿ ಫಾರಮ್ಮಿನವರು ಒಯ್ಯುತ್ತಾರೆ ಎಂದೆ. "ನಂಗೂ ಒಸಿ ಬೇಕಲ್ಲ" ಎಂದರು. ಅಂದಿನಿಂದ ದಿನಾ ಸಂಜೆ ಒಂದು ಡಬ್ಬಿ ಹುಳ ಅವರಿಗೆ ಮೀಸಲು.

ಅದು ಮೀನಿಗೆ. ಕೆರೆಯ ಮೀನಿನ ಹರಾಜು ಅವರ ಹೆಸರಲ್ಲೇ ಇತ್ತು. ಹಿಪ್ಪುನೇರಳೆ ತೋಟ, ರಾಗಿ ಹೊಲ ಎಲ್ಲ ಇದ್ದ ಮನುಷ್ಯನಿಗೆ ಮೀನಿನ ಹುಚ್ಚು ಯಾಕೆ ಹತ್ತಿತೋ ಕಾಣೆ. ಹಗಲು ಬಲೆ ಹಾಕಿ ಗೆಂಡೆ ಮೀನು ಹಿಡಿಯುವುದನ್ನು ಆಳುಗಳಿಗೆ ಬಿಟ್ಟಿದ್ದರು. ಅವರಿಗೆ ಬೇಕಾದದ್ದು ಕ್ಯಾಟ್‌ಫಿಶ್ಶು. ಆ ಮೀಸೆ ಮೀನನ್ನು ರಾತ್ರಿ ತೆಪ್ಪದಲ್ಲಿ ಒಬ್ಬರೇ ಹೋಗಿ, ಹುಳ ಎರಚಿ, ಗಾಳ ಹಾಕಿ ಹಿಡಿಯಬೇಕು. ರಾತ್ರಿಯೇ ಯಾಕೆ ಎಂದು ಕೇಳಿದ್ದೆ. ಕತ್ತಲಲ್ಲಿ ಅದು ಮೇವಿಗೆ ಏಳುತ್ತದೆ ಎಂದು ಹೇಳಿ, ಆಮೇಲೆ "ಹಗ್ಲು ಹೋದ್ರೆ ನಾನ್ ಎಲ್ಲಿ ಗಾಳ ಹಾಕ್ತೀನಿ ಅಂತ ಏರಿ ಮ್ಯಾಲ್ ಕುಂತೋರ್ಗೆಲ್ಲ ಕಾಣ್ತದೆ" ಎಂದರು. ಎರಡನೆಯದೇ ನಿಜವಾದ ಕಾರಣ ಎಂದು ನನಗೆ ಈಗಲೂ ಅನುಮಾನ.

ಕೆಂಗಲ್ ಆಂಜನೇಯನ ಗುಡಿಗೆ ಹೋದರೆ ಒಂದು ಮೆಟ್ಟನ್ನು ಈ ಕಂಬದ ಹತ್ತಿರ, ಇನ್ನೊಂದನ್ನು ಆ ಮರದ ಹತ್ತಿರ ಬಿಡುತ್ತಿದ್ದರಂತೆ. ಒಂಟಿ ಮೆಟ್ಟನ್ನು ಕದ್ದವನಿಗೆ ಏನು ಉಪಯೋಗ ಎಂಬ ಲೆಕ್ಕಾಚಾರ. ಅವರ ಹೆಂಡತಿಯೇ ಹೇಳಿದ್ದು ಇದು. "ಹೊರಗ್ ಬಂದು ಎರಡ್ನೇ ಮೆಟ್ಟು ಎಲ್ ಬುಟ್ಟೆ ಅಂತ ಮರ್ತು, ನನ್ನೇ ಕೇಳಾದು. ನಾನೇ ಎತ್ಕಂಡಿದ್ದೀನಿ ಅನ್ನೋ ಹಂಗೆ ಮೊಕ ನೋಡಾದು" ಎಂದು ಆಕೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಬಸ್ಸಿನ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಪಕ್ಕದವರನ್ನೂ ಕೇಳಿ, ಕೊನೆಗೆ ಕಿಟಕಿಯಿಂದ ಕತ್ತು ಚಾಚಿ ಕೆಳಗೆ ನಿಂತವರನ್ನು ಕೇಳುತ್ತಿದ್ದರು.

ನಮ್ಮ ಶೆಡ್ಡಿನಲ್ಲಿ ಟೀ ಕೊಟ್ಟರೆ, "ಮೊದ್ಲು ನೀವ್ ಕುಡೀರಿ" ಎನ್ನುತ್ತಿದ್ದರು. ಸಾಬರ ಮನೆಯ ಟೀ ಎಂದು ಹಿಂದೆಮುಂದೆ ನೋಡುತ್ತಾರೆ ಎಂದುಕೊಂಡು ನಾನು ಒಳಗೊಳಗೇ ಉರಿದುಕೊಂಡಿದ್ದೆ. ಒಂದು ದಿನ ಅವರ ಮನೆಗೆ ಹೋದಾಗ, ಮಾಗಡಿ ಕಡೆಯ ಕಲ್ಯದಿಂದ ಬಂದ ಸ್ವಂತ ಅಳಿಯನಿಗೂ ಅದೇ ಮಾತು ಹೇಳುತ್ತಿದ್ದರು. ಟೀ ಮಾಡಿದ್ದು ಅವರ ಮಗಳು. ನೋಡಿ ಸಮಾಧಾನವಾಯಿತು.

ಹೀಗೆ ಹುಳ, ಟೀ, ಅಂಗೈ ಮೂಸುವುದು ಎಂದು ವರ್ಷಗಳು ಹೋದವು. ಆಮೇಲೊಂದು ಬೇಸಿಗೆಯಲ್ಲಿ ಕೆರೆಯ ಮೀನು ಸತ್ತವು.

ಬೆಳಿಗ್ಗೆ ಶೆಡ್ಡಿಗೆ ಬರುವಾಗ ಏರಿಯ ಮೇಲೆ ಜನ ಸೇರಿದ್ದರು. ದಡದುದ್ದಕ್ಕೂ ಗೆಂಡೆಗಳು ಹೊಟ್ಟೆ ಮೇಲೆ ಮಾಡಿ ಬೆಳ್ಳಗೆ ತೇಲುತ್ತಿದ್ದವು. ದೊಡ್ಡವು, ಮರಿ, ಎಲ್ಲ. ಕ್ಯಾಟ್‌ಫಿಶ್ಶು ಮಾತ್ರ ಸತ್ತಿರಲಿಲ್ಲ, ಅದು ಎಂಥ ನೀರಲ್ಲೂ ಬದುಕುವ ಜಾತಿ. ನೀರಿಗೆ ಏನೋ ಬಿದ್ದಿದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಬಿಟ್ಟವರು ಯಾರು ಎಂಬುದಷ್ಟೇ ಪ್ರಶ್ನೆ. ಮೇಲುಗಡೆಯ ತಗಡಿನ ಶೆಡ್ಡುಗಳಿಗೆ ಗೇಟಿತ್ತು, ಸೆಕ್ಯೂರಿಟಿ ಇದ್ದ. ಗೇಟಿಲ್ಲದ ಶೆಡ್ಡು ನನ್ನದೊಂದೇ. ಜನರ ಕಣ್ಣು ಒಂದೊಂದಾಗಿ ನನ್ನ ಕಡೆ ತಿರುಗಿದವು.

ಅರಳಿಕಟ್ಟೆಯಲ್ಲಿ ಸಭೆ ಸೇರಿತು. ಪಂಚಾಯ್ತಿ ಮೆಂಬರು, "ಸಾಬ್ರ ಫ್ಯಾಕ್ಟ್ರಿ ಮುಚ್ಚಿಸ್ಬುಡಾಣ" ಎಂದ. ನನ್ನದು ಫ್ಯಾಕ್ಟರಿಯಲ್ಲ, ಕೆಲವು ಬಾಣಲೆ, ಒಂದು ಬಾಯ್ಲರು, ಅದೇ ಊರಿನ ಹೆಂಗಸರು ಕೂತು ನೂಲು ತೆಗೆಯುವ ಜಾಗ. ಆದರೆ ನನಗಿದ್ದದ್ದು ಅದೊಂದೇ. ಟೌನಿನ ಓಣಿಗೆ ವಾಪಸು ಹೋಗುವ ಹಾಗಿಲ್ಲ, ಬೇರೆ ಕಸುಬು ಗೊತ್ತಿಲ್ಲ. "ನನ್ನ ನೀರು ಗುಂಡಿಗೆ ಹೋಗುತ್ತೆ" ಎಂದೆ. ಇದನ್ನು ನೀವು ನಂಬಬೇಕೆಂದೇನಿಲ್ಲ, ಅಲ್ಲಿದ್ದ ಯಾರೂ ನಂಬಲಿಲ್ಲ. ಯಾರೋ ಹಿರಿಯರು, "ಗೌಡ್ರು ಏನಂತಾರೆ ಕೇಳ್ರಪ್ಪ. ಕೆರೆ ಅವ್ರು ನೋಡ್ಕಳೋದು" ಎಂದರು.

ಗೌಡರು ಬರಿಗೈಯಲ್ಲಿ ಬಂದಿರಲಿಲ್ಲ. ಹಿಂದಿನ ರಾತ್ರಿ ಹಿಡಿದ ಕ್ಯಾಟ್‌ಫಿಶ್ಶುಗಳನ್ನು ಬಕೆಟ್ಟಿನಲ್ಲಿ ತಂದಿದ್ದರು. ಕಟ್ಟೆಯ ಕಲ್ಲಿನ ಮೇಲೆ ಒಂದನ್ನು ಮಲಗಿಸಿ ಚೂರಿಯಿಂದ ಹೊಟ್ಟೆ ಸೀಳಿದರು. "ಈ ಮೀಸೇದು ಎಲ್ಲೆಲ್ಲಿ ಏನೇನ್ ಬೀಳ್ತದೋ ಎಲ್ಲಾ ತಿಂತದೆ. ಕೆರೆಗ್ ಯಾರ್ ಏನ್ ಬುಟ್ರು ಅಂತ ಇದ್ರ ಹೊಟ್ಟೆ ಕೇಳ್ಬೇಕು" ಎಂದು ಒಳಗಿದ್ದದ್ದನ್ನು ಹಿಂಡಿ ತೆಗೆದರು. ಕಂದು ಬಣ್ಣದ ಬೆಂದ ಹುಳ. ಇನ್ನೊಂದು ಸೀಳಿದರು. ಹುಳ. ಮತ್ತೊಂದು, ಅದರಲ್ಲೂ ಹುಳ. ನನ್ನ ಶೆಡ್ಡಿನದೇ, ಅನುಮಾನವೇ ಇಲ್ಲ.

"ಹುಳ ಕೆರೆಗ್ ಬಂದೈತೆ ಅಂದ್ರೆ ನೀರೂ ಬಂದೈತೆ" ಎಂದರು ಗೌಡರು, ನನ್ನ ಮುಖ ನೋಡದೆ.

ಒಂದು ಕ್ಷಣ ನನಗೇ, ರಾತ್ರಿ ನನಗೆ ಗೊತ್ತಿಲ್ಲದೆ ಆಳುಗಳೇನಾದರೂ ಕೆರೆಗೆ ಸುರಿದರೇ ಎಂದು ಅನ್ನಿಸಿತು. ಮುಂದಿನ ಸಭೆಯಲ್ಲಿ ತೀರ್ಮಾನ, ಅಲ್ಲಿಯವರೆಗೆ ಶೆಡ್ಡು ನಡೆಯಲಿ ಎಂದು ಎಲ್ಲರೂ ಎದ್ದರು.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ರೊಟ್ಟಿ ಬೇಯಿಸುತ್ತಿದ್ದಳು. ತಿರುಗಿಯೂ ನೋಡದೆ, "ದಿನಾ ಸಂಜೆ ಡಬ್ಬಿ ತುಂಬಿಸ್ಕೊಂಡು ಹೋಗೋದು ಅವರೇ ತಾನೆ? ಆ ಹುಳ ಅವರು ಎಲ್ಲಿಗೆ ಹಾಕ್ತಾರೆ?" ಎಂದಳು.

ಕೆರೆಗೆ. ಮೀನು ಸೇರಿಸಲು ತಮ್ಮ ಕೈಯಾರೆ ಎರಚಿದ್ದ ಹುಳವನ್ನೇ ಅವರು ಅದೇ ಮೀನಿನ ಹೊಟ್ಟೆಯಿಂದ ತೆಗೆದು ಊರಿಗೆ ತೋರಿಸಿದ್ದರು. ಲೋಕದಲ್ಲಿ ಎಲ್ಲರನ್ನೂ ಅನುಮಾನಿಸಿದ ಮನುಷ್ಯ ತಮ್ಮ ಡಬ್ಬಿಯೊಂದನ್ನು ಮಾತ್ರ ಅನುಮಾನಿಸದೆ ಬಿಟ್ಟಿದ್ದರು. ಅಷ್ಟು ಜನರಲ್ಲಿ ಒಬ್ಬರಿಗೂ, ನನಗೂ, ಅದು ಹೊಳೆಯಲಿಲ್ಲ. ಯಾಕೆಂದರೆ ಸೀಳಿದವರು ಗೌಡರು.

ಅವರ ಮನೆಗೆ ಹೋಗಿ ಹೇಳಿದೆ. ಜಗಲಿಯ ಮೇಲೆ ಕೂತು ಕೇಳಿಸಿಕೊಂಡರು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾರನೆಯ ದಿನದಿಂದ ಹುಳಕ್ಕೆ ಬರಲಿಲ್ಲ. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಊರ ಮುಂದೆ ಆಡಿದ ಮಾತನ್ನು ಯಾವ ಗೌಡ ವಾಪಸು ತೆಗೆದುಕೊಳ್ಳುತ್ತಾನೆ?

ಮಾರನೆಯ ದಿನ ಸಭೆ ಸೇರಬೇಕು ಎನ್ನುವ ರಾತ್ರಿ, ನಾನಿನ್ನೂ ಶೆಡ್ಡಿನಲ್ಲೇ ಇದ್ದಾಗ ಗೌಡರು ಬಾಗಿಲು ತಟ್ಟಿದರು. "ಬನ್ನಿ, ತೆಪ್ಪ ಹತ್ತಿ" ಎಂದರು.

ಬಿದಿರಿನಿಂದ ಹೆಣೆದು ತಳಕ್ಕೆ ಟಾರು ಬಳಿದ ದುಂಡನೆಯ ತೆಪ್ಪ, ಇಬ್ಬರು ಕೂತರೆ ತುಂಬಿಹೋಗುತ್ತದೆ. ಹತ್ತಿಸಿಕೊಳ್ಳುವ ಮೊದಲು ನನ್ನ ಎರಡು ಜೇಬನ್ನೂ ತಡವಿ ನೋಡಿದರು. ಕೈ ಮೂಸಿದರು. ದಡ ಬಿಟ್ಟ ಮೇಲೆ ಕೇಳಿದರು.

"ಈಜು ಬತ್ತದಾ?"

"ಇಲ್ಲ ಗೌಡ್ರೇ."

"ಒಳ್ಳೇದಾಯ್ತು."

ಊರ ಮುಂದೆ ಮಾನ ಕಳೆದುಕೊಳ್ಳುವುದಕ್ಕಿಂತ ನನ್ನನ್ನು ಮುಳುಗಿಸುವುದೇ ಅವರಿಗೆ ಸುಲಭ, ಸಾಬಿಯೊಬ್ಬ ಕೆರೆಗೆ ಬಿದ್ದು ಹೋದ ಎಂದರೆ ಯಾರು ಕೇಳುತ್ತಾರೆ? ನಾನು ಇಲ್ಲಿರುವುದು ಹೆಂಡತಿಗೂ ಗೊತ್ತಿಲ್ಲ. ಸಾವಿನ ಹೊತ್ತಿಗೆ ಹೇಳುವ ಕಲಿಮಾವನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ತೆಪ್ಪದ ಅಂಚನ್ನು ಗಟ್ಟಿಯಾಗಿ ಹಿಡಿದೆ. ಗೌಡರು ಹುಟ್ಟು ಹಾಕುತ್ತಲೇ ಇದ್ದರು. ನೀರು ಕರ್ರಗೆ, ಮೇಲುಗಡೆಯ ಶೆಡ್ಡುಗಳ ದೀಪ ಮಾತ್ರ ಅದರಲ್ಲಿ ಹಳದಿಯಾಗಿ ಅಲುಗುತ್ತಿತ್ತು. ಕೊನೆಗೆ ತಡೆಯಲಾರದೆ, "ಈಜು ಬರದಿದ್ರೆ ಒಳ್ಳೇದು ಯಾಕೆ?" ಎಂದು ಕೇಳಿಯೇಬಿಟ್ಟೆ.

"ಅಲ್ಲಾಡ್ದೆ ಕೂತ್ಕತೀರಾ" ಎಂದರು.

ಅವತ್ತು ಅವರು ಮೇವಿಗೆ ತಂದದ್ದು ಕೋಳಿಯ ಕರುಳು. ಹುಳ ಎರಚುವುದನ್ನು ನಿಲ್ಲಿಸಿ, ಮೀನುಗಳ ಹೊಟ್ಟೆ ಖಾಲಿಯಾಗಲಿ ಎಂದು ಅಷ್ಟು ದಿನ ಕಾದಿದ್ದರು. ಮೊದಲು ನನ್ನ ಶೆಡ್ಡಿನ ಕೆಳಗಿನ ದಡದಲ್ಲಿ ಗಾಳ ಬಿಟ್ಟರು. ದಾರ ಜಗ್ಗಿತು. ಎಳೆದು ಹಾಕಿದರೆ ನನ್ನ ಮೊಣಕೈಯುದ್ದದ ಮೀನು, ತೆಪ್ಪದ ತಳದಲ್ಲಿ ನನ್ನ ಕಾಲಿನ ಮೇಲೇ ಒದ್ದಾಡುತ್ತಾ ಗೊರಗೊರ ಸದ್ದು ಮಾಡಿತು. ನನಗೆ ಅಸಹ್ಯ, ಭಯ ಎರಡೂ. "ಬ್ಯಾಟ್ರಿ ಹಿಡೀರಿ" ಎಂದು ಅಲ್ಲೇ ಹೊಟ್ಟೆ ಸೀಳಿದರು. ಬಸವನಹುಳದ ಚಿಪ್ಪು, ಕೆಸರು, ಒಂದು ಕಪ್ಪೆಯ ಕಾಲು. "ನೋಡ್ಕಳಿ. ಆಮ್ಯಾಕೆ ನಾನ್ ಮುಚ್ಚಿಟ್ಟೆ ಅನ್ಬ್ಯಾಡಿ." ಇನ್ನೊಂದು ಕಡೆ ಹೋದೆವು, ಮತ್ತೊಂದು ಕಡೆ ಹೋದೆವು. ಹಿಡಿದದ್ದನ್ನೆಲ್ಲ ಸೀಳಿ, ಬೆರಳಿಂದ ಕೆದಕಿ, ನನಗೆ ತೋರಿಸಿದರು. ಎಲ್ಲೂ ನನ್ನ ಶೆಡ್ಡಿನ ಹುಳವಿರಲಿಲ್ಲ.

ದಡಕ್ಕೆ ಬಂದ ಮೇಲೆ ಕೈ ತೊಳೆದುಕೊಂಡು, ತೊಳೆದ ಕೈಯನ್ನು ತಾವೇ ಮೂಸಿಕೊಂಡು ಮನೆ ಕಡೆ ನಡೆದರು. ನಾಳೆ ಏನು ಹೇಳುತ್ತಾರೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಸಭೆಯಲ್ಲಿ ಮೆಂಬರು ಶುರು ಮಾಡುವ ಮೊದಲೇ ಗೌಡರು ಎದ್ದು ನಿಂತರು. "ಅವತ್ತು ಮೀನ್ ಹೊಟ್ಟೇಲಿದ್ದ ಹುಳ ನಾನೇ ಎರಚಿದ್ದು. ಸಾಬ್ರು ಬುಟ್ಟಿದ್ದಲ್ಲ. ತಪ್ಪು ನಂದು" ಎಂದರು. ಕಟ್ಟೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಗು ಹಬ್ಬಿತು. ಗೌಡರ ಕಿವಿ ಕೆಂಪಗಾಗಿದ್ದನ್ನು ನಾನು ನೋಡಿದೆ. ನನ್ನ ಕಣ್ಣು ತುಂಬಿಬಂತು, ಅವರಿಗೆ ಕಾಣದಿರಲೆಂದು ತಲೆ ತಗ್ಗಿಸಿದೆ.

"ನಗಾದ್ ಮುಗೀಲಿ" ಎಂದು ಕಾದರು. ಆಮೇಲೆ, "ಹಂಗಂತ ಸಾಬ್ರನ್ನ ನಂಬಿ ಅಂತ ನಾನ್ ಹೇಳಾಕಿಲ್ಲ. ನಂಗೂ ನಂಬ್ಕೆ ಇಲ್ಲ. ಇವತ್ತ್ ಬುಟ್ಟಿಲ್ಲ, ನಾಳೆ ಬುಡ್ಬೌದು. ದಿನಾ ಹೋಗಿ ನಾನೇ ನೋಡ್ತೀನಿ. ಬುಟ್ಟ್ ದಿನ ನಾನೇ ಬೀಗ ಹಾಕ್ತೀನಿ" ಎಂದು ಕೂತರು. ಅಲ್ಲಿಗೆ ಸಭೆ ಮುಗಿಯಿತು. ಶೆಡ್ಡು ಉಳಿಯಿತು.

ಹೇಳಿದಂತೆ ದಿನಾ ಬಂದರು. ಮುಚ್ಚಳ ಎತ್ತಿಸಿ, ಮೂಸಿ, ನನ್ನ ಅಂಗೈಯನ್ನೂ ಮೂಸಿ, "ಇವತ್ತಿಲ್ಲ" ಎಂದು ಹೋಗುವರು. ಹುಳದ ಡಬ್ಬಿ ಮತ್ತೆ ಶುರುವಾಯಿತು. ಆದರೆ ಈ ಸಲ ಹೊಸದೊಂದು ಏರ್ಪಾಡು. ಚನ್ನಪಟ್ಟಣಕ್ಕೆ ಹೋಗಿ, ಬೊಂಬೆ ಮಾಡುವವರ ಹತ್ತಿರ ಕೆಂಪು ಬಣ್ಣದ ಪುಡಿ ತಂದರು. ಅವರ ಪಾಲಿನ ಹುಳವನ್ನು ಅದರಲ್ಲಿ ಕುದಿಸಬೇಕು. ಬಣ್ಣ ನೀರಲ್ಲಿ ಬಿಡುತ್ತದೋ ಎಂದು ಕೆರೆಯ ನೀರಿನ ಲೋಟದಲ್ಲಿ ಹಾಕಿಟ್ಟು ಪರೀಕ್ಷೆ ಮಾಡಿದರು. ಬೊಂಬೆಯವರು ಮೋಸ ಮಾಡಿರಬಹುದು ಎಂದು ಇನ್ನೊಂದು ಲೋಟದಲ್ಲೂ ಹಾಕಿಟ್ಟರು.

"ಇನ್ಮ್ಯಾಕೆ ಹೊಟ್ಟೇಲಿ ಕೆಂಪು ಹುಳ ಸಿಕ್ರೆ ನಂದು. ಕಂದು ಸಿಕ್ರೆ ನಿಮ್ದು" ಎಂದರು.

ಅಂದಿನಿಂದ ಅವರು ಹಿಡಿದ ಒಂದೊಂದು ಕ್ಯಾಟ್‌ಫಿಶ್ಶಿನ ಹೊಟ್ಟೆಯೂ ನನ್ನ ಮೇಲಿನ ತನಿಖೆ. ಮೊದಮೊದಲು ಅವಮಾನದಿಂದ ಕುದಿಯುತ್ತಿದ್ದೆ. ಹೆಂಗಸರು ನೂಲು ತೆಗೆಯುತ್ತಾ ಮುಸಿಮುಸಿ ನಗುವರು. ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡುತ್ತಿದ್ದೆ. "ಬರಲಿ ಬಿಡಿ, ಅವರ ಮೂಗು ಸವೆಯುತ್ತೆ, ನಿಮಗೇನು?" ಎನ್ನುತ್ತಿದ್ದಳು.

ಆಮೇಲೆ ಒಂದು ಸಲ, ಯಾರೋ ನನ್ನ ಮೇಲೆ ಅರ್ಜಿ ಹಾಕಿ, ತಪಾಸಣೆಗೆಂದು ಜೀಪಿನಲ್ಲಿ ಸಾಹೇಬರು ಬಂದರು. ನಾನು ಬಾಯಿ ತೆರೆಯುವ ಮೊದಲೇ ಏರಿಯ ಮೇಲಿದ್ದವರು, "ಸ್ವಾಮಿ, ಇವ್ರದ್ನ ನಮ್ ಗೌಡ್ರು ದಿನಾ ಮೂಸ್ತಾರೆ. ಅವ್ರಿಗೇ ಸಿಗ್ನಿಲ್ಲ ಅಂದ್ರೆ ನಿಮ್ಗೇನ್ ಸಿಕ್ಕಾತು" ಎಂದರು. ನಾಲ್ಕೂರಲ್ಲಿ ಯಾರನ್ನೂ ನಂಬದ ಮನುಷ್ಯ ನನ್ನಲ್ಲಿ ಏನೂ ಕಂಡಿಲ್ಲ ಎಂದ ಮೇಲೆ ಇನ್ನು ಯಾರು ಬೆರಳು ತೋರಿಸುತ್ತಾರೆ? ಅವತ್ತಿನಿಂದ ಅವರು ಬರುವುದು ಸ್ವಲ್ಪ ತಡವಾದರೂ ನಾನು ಬಾಗಿಲಿಗೆ ಬಂದು ದಾರಿ ನೋಡತೊಡಗಿದೆ.

ಗೆಂಡೆಗಳು ಯಾಕೆ ಸತ್ತವು ಎಂಬುದು ಕೊನೆಗೂ ಗೊತ್ತಾಗಲಿಲ್ಲ. ಗೌಡರು ತಿಂಗಳುಗಟ್ಟಲೆ ಮೇಲುಗಡೆಯ ಗೇಟುಗಳ ಎದುರು ಹೋಗಿ ಕೂತು ಬಂದರು. ಸೆಕ್ಯೂರಿಟಿಯವರು ಅವರನ್ನೇ ಅನುಮಾನಿಸಿ ಓಡಿಸಿದರು. ಅದೊಂದರ ಬಗ್ಗೆ ಮಾತ್ರ ಅವರಿಗೆ ಸಿಟ್ಟಿರಲಿಲ್ಲ. "ಆ ಹುಡ್ಗ ಚೆಂದಾಗಿ ಕಾಯ್ತಾನೆ" ಎಂದಿದ್ದರು.

ಗೌಡರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಅವರ ಹೆಂಡತಿ ಬಾಯಿಗೆ ಚಮಚದಲ್ಲಿ ಗಂಜಿ ಹಿಡಿದರೆ, ಕಣ್ಣಲ್ಲೇ ಆಕೆಯ ಕಡೆ ತೋರಿಸಿದರು. ಆಕೆ ಒಂದು ಗುಟುಕು ತಾವು ಕುಡಿದು ತೋರಿಸಿದ ಮೇಲೆ ಬಾಯಿ ತೆರೆದರು. ಹೊರಡುವಾಗ ನನ್ನ ಅಂಗೈಯನ್ನು ಅವರ ಮುಖದ ಹತ್ತಿರ ಹಿಡಿದೆ. ಬಹಳ ಹೊತ್ತು ಮೂಸಿದರು. "ಇವತ್ತಿಲ್ಲ" ಎಂದರು. ನಾನು ಅವರಿಂದ ಕೇಳಿದ ಕೊನೆಯ ಮಾತು ಅದು.

ತಿಥಿಯ ಊಟ ಮುಗಿದು ಕೆಲವು ದಿನವಾಗಿತ್ತು. ಕೆರೆಯ ಮೀನಿನ ಹರಾಜು ಹಿಡಿದಿರುವ ಹೊಸಬ ಶೆಡ್ಡಿಗೆ ಬಂದ. ಬೇರೆ ಊರಿನವನು, ನಗುಮುಖದ ಮನುಷ್ಯ. ರಾತ್ರಿ ತೆಪ್ಪದಲ್ಲಿ ಕ್ಯಾಟ್‌ಫಿಶ್ಶಿಗೆ ಹೋಗುತ್ತೇನೆ, ಒಂದು ಡಬ್ಬಿ ಹುಳ ಕೊಡಿ ಎಂದ. ಟೀ ಕೊಟ್ಟೆ, ಕೊಟ್ಟ ಕೂಡಲೇ ಕುಡಿದುಬಿಟ್ಟ. ನಾನು ಬೊಂಬೆಯ ಬಣ್ಣದ ಪುಡಿ ತೆಗೆದು ಹುಳವನ್ನು ಒಲೆಯ ಮೇಲಿಟ್ಟೆ.

"ಬಣ್ಣ ಯಾಕ್ ಸಾಬ್ರೇ?"

"ಮೀನಿನ ಹೊಟ್ಟೆ ಸೀಳಿದಾಗ ನೋಡಿ. ಕೆಂಪು ಹುಳ ಇದ್ರೆ ನೀವು ಹಾಕಿದ್ದು. ಬಣ್ಣ ಇಲ್ಲದ್ದು ಸಿಕ್ರೆ ನಾನು ಕೆರೆಗೆ ಬಿಟ್ಟಿದ್ದೀನಿ ಅಂತ."

ಅವನು ಮನಸಾರೆ ನಕ್ಕ. "ಅಯ್ಯೋ, ನಿಮ್ ಮ್ಯಾಲೆ ನಂಗೇನ್ ಅನುಮಾನ? ಹಂಗೇ ಕೊಡಿ" ಎಂದ.

ಆ ಮಾತಿಗೆ ನನಗೆ ಸಂತೋಷವಾಗಬೇಕಿತ್ತು, ಆದದ್ದು ಹೆದರಿಕೆ. ನಾಳೆ ಮತ್ತೆ ಕೆರೆಯಲ್ಲಿ ಮೀನು ತೇಲಿದರೆ ಅರಳಿಕಟ್ಟೆಯ ಮೇಲೆ ಎದ್ದು ನಿಂತು ನನ್ನ ಪರವಾಗಿ ಮಾತಾಡಲು, ನನ್ನನ್ನು ನಂಬದವರು ಈಗ ಒಬ್ಬರೂ ಉಳಿದಿಲ್ಲ.